ಹಸಿ ಹಾಲಿನ ನೇರ ಮಾರಾಟ

ಹಸಿ ಹಾಲಿನ ನೇರ ಮಾರಾಟ ಎಂದರೆ ಹಸು ಅಥವಾ ಎಮ್ಮೆಯಿಂದ ಕರೆದ ಹಾಲನ್ನು ಪಾಶ್ಚರೀಕರಣ ಮೊದಲಾದ ಸಂಸ್ಕರಣೆಗೆ ಒಳಪಡಿಸದೆ, ಸಾಕಣೆದಾರರು ಬಳಕೆದಾರರಿಗೆ ತಾವೇ ಮಾರುವ ಪದ್ಧತಿ. ಕರ್ನಾಟಕದ ಹಳ್ಳಿಗಳಲ್ಲಿ ಮತ್ತು ಸಣ್ಣ ಪಟ್ಟಣಗಳಲ್ಲಿ ಪೊಟ್ಟಣದ ಹಾಲಿನ ಜೊತೆಗೆ ಈ ಪದ್ಧತಿಯೂ ಮುಂದುವರಿದಿದೆ. ಇಲ್ಲಿ ಕೊಂಡ ಹಾಲನ್ನು ಬಹುತೇಕ ಮನೆಗಳಲ್ಲಿ ಕಾಯಿಸಿಯೇ ಬಳಸುತ್ತಾರೆ. ಹೀಗಾಗಿ ಹಾಲಿನ ಘಟಕವು ಯಂತ್ರಗಳಿಂದ ಮಾಡುವ ರೋಗಾಣುನಾಶದ ಕೆಲಸ ಅಡುಗೆಮನೆಯಲ್ಲಿ ನಡೆಯುತ್ತದೆ. ಹಾಲಿನ ಸುರಕ್ಷತೆ ಮಾರುವವರ ಶುಚಿತ್ವವನ್ನೂ ಕೊಳ್ಳುವವರ ಎಚ್ಚರವನ್ನೂ ಅವಲಂಬಿಸಿರುತ್ತದೆ.

ಪರಿಭಾಷೆ

ಕಾಯಿಸದ ಹಾಲಿಗೆ ಕನ್ನಡದಲ್ಲಿ 'ಹಸಿ ಹಾಲು' ಎಂಬ ಹೆಸರಿದೆ. ಕರೆಯುವಾಗಲೇ ಬಿಸುಪು ಆರದಂತೆ ಕುಡಿಯುವ ಹಾಲು 'ನೊರೆಹಾಲು'. ದಿನವೂ ನಿಗದಿತ ಅಳತೆಯ ಹಾಲನ್ನು ಒಂದೇ ಮನೆಯಿಂದ ಕೊಂಡು ತಿಂಗಳಿಗೊಮ್ಮೆ ಹಣ ಕೊಡುವ ಒಪ್ಪಂದವನ್ನು ಹಳೆಯ ಮೈಸೂರು ಭಾಗದಲ್ಲಿ 'ವರ್ತನೆ' ಎನ್ನುತ್ತಾರೆ. ಕರು ಹಾಕಿದ ಮೊದಲ ದಿನಗಳ ಗಟ್ಟಿ ಹಾಲು 'ಗಿಣ್ಣದ ಹಾಲು'. ಇದನ್ನು ಮಾರದೆ ನೆರೆಹೊರೆಯವರಿಗೆ ಹಂಚುವ ರೂಢಿ ಹಲವೆಡೆ ಇದೆ. ಹಾಲು, ಮೊಸರು, ಬೆಣ್ಣೆ, ತುಪ್ಪಗಳಿಗೆ ಒಟ್ಟಾಗಿ 'ಹೈನು' ಎಂಬ ಹೆಸರಿದ್ದು, 'ಹೈನುಗಾರಿಕೆ' ಎಂಬ ಪದ ಅದರಿಂದ ಬಂದಿದೆ.

ಹಿನ್ನೆಲೆ

ಸಹಕಾರಿ ಡೇರಿಗಳು ಹರಡುವ ಮುನ್ನ ಪಟ್ಟಣಗಳಿಗೆ ಹಾಲು ಪೂರೈಸುತ್ತಿದ್ದವರು ಸಾಕಣೆದಾರರು ಮತ್ತು ಗವಳಿ ಸಮುದಾಯದವರು. ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ಗವಳಿಗರು ದೀಪಾವಳಿಯ ಸಮಯದಲ್ಲಿ ಎಮ್ಮೆಗಳನ್ನು ಅಲಂಕರಿಸಿ ಓಡಿಸುವ ಪದ್ಧತಿ ಇಂದಿಗೂ ಇದೆ.

ರಾಜ್ಯದ ಮೊದಲ ಸಹಕಾರಿ ಡೇರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆರಂಭವಾಯಿತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಅಭಿವೃದ್ಧಿ ಯೋಜನೆ ಜಾರಿಗೆ ಬಂದು, ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘಗಳು ಸ್ಥಾಪನೆಯಾದವು. ಮುಂದೆ ಕರ್ನಾಟಕ ಹಾಲು ಮಹಾಮಂಡಳಿ ರೂಪುಗೊಂಡಿತು. ಅದರ ಪಾಶ್ಚರೀಕರಿಸಿದ ಹಾಲು 'ನಂದಿನಿ' ಹೆಸರಿನಲ್ಲಿ ಮಾರಾಟವಾಗುತ್ತದೆ. ಸಂಘಗಳಿಗೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರವು 2008ರಿಂದ ಪ್ರತಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ನೀಡತೊಡಗಿತು. ನಂತರ ಅದು 5 ರೂಪಾಯಿಗೆ ಏರಿತು.

ಅಮೀನಗಡ ಪ್ರದೇಶದಲ್ಲಿ

ಅಮೀನಗಡವು ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಪಟ್ಟಣ. ಕರದಂಟು ಮತ್ತು ಕುರಿ ಸಂತೆಗಳಿಗಾಗಿ ಅದು ಹೆಸರಾಗಿದೆ. ಅಂಟನ್ನು ಕರಿದು ಬೆಲ್ಲ, ಒಣಹಣ್ಣುಗಳೊಂದಿಗೆ ಕೂಡಿಸಿ ಮಾಡುವ ಕರದಂಟಿಗೆ ತುಪ್ಪ ಅಗತ್ಯ. ಹೀಗೆ ಪಟ್ಟಣದ ಪ್ರಸಿದ್ಧ ಸಿಹಿತಿಂಡಿಗೂ ಹೈನಿಗೂ ನೇರ ಸಂಬಂಧವಿದೆ.

ಈ ಬಯಲುಸೀಮೆಯ ದೇಸಿ ದನಗಳಾದ ಖಿಲಾರಿ ಮತ್ತು ಕೃಷ್ಣಾ ಕಣಿವೆ ತಳಿಗಳು ಮುಖ್ಯವಾಗಿ ಉಳುಮೆಗೆ ಹೆಸರಾದವು. ಅವು ಕೊಡುವ ಹಾಲು ಕಡಿಮೆ. ಆದ್ದರಿಂದ ಮನೆಯ ಹೈನು ಬಹುಮಟ್ಟಿಗೆ ಎಮ್ಮೆಯನ್ನು ನೆಚ್ಚಿಕೊಂಡಿದೆ. ಈಚಿನ ದಶಕಗಳಲ್ಲಿ ಮಿಶ್ರತಳಿ ಹಸುಗಳೂ ಸೇರಿಕೊಂಡಿವೆ. ಬಾಗಲಕೋಟೆ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಕಂಡುಬರುವ ಧಾರವಾಡಿ ಎಮ್ಮೆಯು ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ಪ್ರತ್ಯೇಕ ತಳಿಯಾಗಿ ನೋಂದಾಯಿತವಾಗಿದೆ. ಜೋಳದ ಕಣಿಕೆ, ಹತ್ತಿಕಾಳು ಮತ್ತು ಹಿಂಡಿ ಇಲ್ಲಿನ ಎಮ್ಮೆಗಳ ಸಾಮಾನ್ಯ ಮೇವು. ಜಿಲ್ಲೆಯ ಸಹಕಾರಿ ಸಂಘಗಳು ವಿಜಯಪುರ-ಬಾಗಲಕೋಟೆ ಹಾಲು ಒಕ್ಕೂಟದ ವ್ಯಾಪ್ತಿಗೆ ಸೇರಿವೆ.

ವ್ಯವಹಾರದ ಕ್ರಮ

ಹಾಲನ್ನು ಬೆಳಿಗ್ಗೆ ಮತ್ತು ಸಂಜೆ ಕರೆಯುತ್ತಾರೆ. ಕೊಳ್ಳುವವರು ಪಾತ್ರೆಯೊಂದಿಗೆ ಕೊಟ್ಟಿಗೆಗೆ ಹೋಗುತ್ತಾರೆ. ಇಲ್ಲವೇ ಮಾರುವವರು ಕ್ಯಾನುಗಳಲ್ಲಿ ತುಂಬಿ ಮನೆಬಾಗಿಲಿಗೆ ತರುತ್ತಾರೆ. ಕಣ್ಣೆದುರೇ ಕರೆಸಿಕೊಳ್ಳುವುದು ನೀರು ಬೆರೆತಿಲ್ಲವೆಂಬ ಖಾತರಿಗಾಗಿ ಬೆಳೆದುಬಂದ ರೂಢಿ.

ಬೆಲೆ ಕಟ್ಟುವ ರೀತಿಯಲ್ಲಿ ಸಂಘಕ್ಕೂ ನೇರ ಮಾರಾಟಕ್ಕೂ ವ್ಯತ್ಯಾಸವಿದೆ. ಸಂಘದಲ್ಲಿ ಜಿಡ್ಡು ಹಾಗೂ ಜಿಡ್ಡೇತರ ಘನಾಂಶವನ್ನು ಅಳೆದು ದರ ನಿಗದಿಪಡಿಸುತ್ತಾರೆ. ನೇರ ಮಾರಾಟದಲ್ಲಿ ಲೀಟರಿಗೆ ಇಷ್ಟು ಎಂದು ಮಾತಾಗಿರುತ್ತದೆ. ಎಮ್ಮೆಯ ಹಾಲಿಗೆ ಹೆಚ್ಚು ಬೆಲೆ. ಸಾಗಣೆ, ಶೀತಲೀಕರಣ, ಪೊಟ್ಟಣಗಳ ವೆಚ್ಚವಿಲ್ಲದ ಕಾರಣ ಗ್ರಾಹಕರು ಕೊಟ್ಟ ಹಣ ಪೂರ್ತಿಯಾಗಿ ಸಾಕಣೆದಾರರ ಕೈಸೇರುತ್ತದೆ. ಆದರೆ ಹೀಗೆ ಮಾರಿದ ಹಾಲಿಗೆ ಸರ್ಕಾರದ ಪ್ರೋತ್ಸಾಹಧನ ದೊರೆಯುವುದಿಲ್ಲ. ಗ್ರಾಹಕರು ಊರಿಗೆ ಹೋದ ದಿನ ಹಾಲು ಉಳಿಯುತ್ತದೆ. ತಿಂಗಳ ಬಾಕಿ ವಸೂಲಿಯ ಹೊಣೆಯೂ ಮಾರುವವರದೇ. ಆದ್ದರಿಂದ ಅನೇಕ ಕುಟುಂಬಗಳು ಒಂದು ಹೊತ್ತಿನ ಹಾಲನ್ನು ಮನೆಗಳಿಗೂ ಮತ್ತೊಂದು ಹೊತ್ತಿನದನ್ನು ಸಂಘಕ್ಕೂ ಹಾಕುತ್ತವೆ.

ಎಮ್ಮೆಗಳು ಹೆಚ್ಚಾಗಿ ಮಳೆಗಾಲದಿಂದ ಚಳಿಗಾಲದ ನಡುವೆ ಈಯುತ್ತವೆ. ಹೀಗಾಗಿ ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ. ಮೇವಿನ ಕೊರತೆಯೂ ಆಗಲೇ ಕಾಡುವುದರಿಂದ, ನೇರ ಮಾರಾಟದಲ್ಲಿ ನೀರು ಬೆರೆಸುವ ಆಮಿಷ ಹೆಚ್ಚುವ ಕಾಲವೂ ಅದೇ.

ಕೆನೆ ಮತ್ತು ಬೆಣ್ಣೆ

ಪಾಶ್ಚಾತ್ಯ ದೇಶಗಳಲ್ಲಿ ಹಸಿ ಹಾಲಿನಿಂದ ಬೇರ್ಪಡಿಸಿದ ಕೆನೆ ಸ್ವತಂತ್ರ ಸರಕು. ಕರ್ನಾಟಕದ ಮನೆಗಳಲ್ಲಿ ಕೆನೆ ಎಂದರೆ ಸಾಮಾನ್ಯವಾಗಿ ಕಾಯಿಸಿದ ಹಾಲು ಆರಿದಾಗ ಮೇಲೆ ಕಟ್ಟುವ ಪದರ. ಜಿಡ್ಡು ಹೆಚ್ಚಿರುವ ಎಮ್ಮೆಯ ಹಾಲಿನಲ್ಲಿ ಅದು ದಪ್ಪವಾಗಿರುತ್ತದೆ. ಹಲವು ದಿನ ತೆಗೆದಿಟ್ಟ ಕೆನೆಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು ತುಪ್ಪ ಕಾಯಿಸುತ್ತಾರೆ. ಹೀಗಾಗಿ ಸಂತೆಗೆ ಕೆನೆಗಿಂತ ಹೆಚ್ಚಾಗಿ ಬೆಣ್ಣೆ, ತುಪ್ಪಗಳೇ ಬರುತ್ತವೆ.

ಹಸಿ ಹಾಲಿನಿಂದ ಯಂತ್ರದ ಮೂಲಕ ಕೆನೆ ತೆಗೆಯುವುದೂ ಉಂಟು. ಇಂಥ ಕೆನೆ ಕಾಯಿಸಿದ್ದಲ್ಲ. ಹಾಲಿನಲ್ಲಿ ರೋಗಾಣುಗಳಿದ್ದರೆ ಅವು ಕೆನೆಯಲ್ಲಿಯೂ ಅದರ ಬೆಣ್ಣೆಯಲ್ಲಿಯೂ ಉಳಿಯಬಹುದು. ಬೆಣ್ಣೆಯನ್ನು ತುಪ್ಪವಾಗಿ ಕಾಯಿಸಿದಾಗ ಈ ಅಪಾಯ ನಿವಾರಣೆಯಾಗುತ್ತದೆ. ಆಹಾರ ಮಾನಕಗಳ ಪ್ರಕಾರ ಕಡಿಮೆ, ಮಧ್ಯಮ ಮತ್ತು ಹೆಚ್ಚು ಜಿಡ್ಡಿನ ಕೆನೆಗಳಲ್ಲಿ ಕ್ರಮವಾಗಿ ಕನಿಷ್ಠ ಶೇ. 25, 40 ಮತ್ತು 60ರಷ್ಟು ಹಾಲಿನ ಜಿಡ್ಡು ಇರಬೇಕು.

ಕಲಬೆರಕೆ ಮತ್ತು ಪರೀಕ್ಷೆ

ಹಾಲಿನ ಸಾಂದ್ರತೆಯನ್ನು ತೋರಿಸುವ ಲ್ಯಾಕ್ಟೋಮೀಟರ್ ಮನೆಮಟ್ಟದಲ್ಲಿ ಪರಿಚಿತ ಸಾಧನ. ಆದರೆ ಅದೊಂದನ್ನೇ ನಂಬುವಂತಿಲ್ಲ. ನೀರು ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದ ಹಾಲು ಸಾಧನಕ್ಕೆ ಸರಿಯಾದ ಹಾಲಿನಂತೆಯೇ ಕಾಣಬಹುದು. ಜಿಡ್ಡಿನ ಪರೀಕ್ಷೆಯನ್ನೂ ಮಾಡಿದಾಗ ಮಾತ್ರ ನಿಜ ತಿಳಿಯುತ್ತದೆ. ಕಾಯಿಸಿ ಆರಿಸಿದ ಹಾಲಿಗೆ ಅಯೋಡಿನ್ ದ್ರಾವಣದ ಹನಿ ಹಾಕಿದಾಗ ನೀಲಿ ಬಣ್ಣ ಬಂದರೆ ಪಿಷ್ಟ ಬೆರೆತಿದೆ ಎಂದರ್ಥ. ಕಾಯಿಸುವಾಗಲೇ ಒಡೆಯುವ ಹಾಲು ಹುಳಿಯೇರಿದ್ದು. ಬೇಸಿಗೆಯಲ್ಲಿ ತಂಪು ಮಾಡದ ಹಾಲು ಕೆಲವೇ ಗಂಟೆಗಳಲ್ಲಿ ಈ ಸ್ಥಿತಿ ತಲುಪುತ್ತದೆ.

ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು 2018ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 12ರಲ್ಲಿ ಮಾತ್ರ ಆರೋಗ್ಯಕ್ಕೆ ಅಪಾಯಕರ ಕಲಬೆರಕೆ ಕಂಡುಬಂದಿತು. ಅಫ್ಲಾಟಾಕ್ಸಿನ್ ಎಂ1 ಎಂಬ ವಿಷವಸ್ತು ಮಾತ್ರ ಶೇ. 5.7ರಷ್ಟು ಮಾದರಿಗಳಲ್ಲಿ ಮಿತಿ ಮೀರಿತ್ತು. ಬೂಷ್ಟು ಹಿಡಿದ ಮೇವು, ಹಿಂಡಿಗಳಿಂದ ಹಾಲಿಗೆ ಬರುವ ಈ ವಿಷ ಕಾಯಿಸಿದರೂ ಹೋಗುವುದಿಲ್ಲ. ರೋಗಕ್ಕೆ ಚುಚ್ಚುಮದ್ದು ಪಡೆದ ರಾಸುವಿನ ಹಾಲಿನಲ್ಲಿ ಉಳಿಯುವ ಪ್ರತಿಜೀವಕಗಳಿಗೂ ಕಾಯಿಸುವುದು ನಂಬತಕ್ಕ ಪರಿಹಾರವಲ್ಲ. ಪಶುವೈದ್ಯರು ಹೇಳಿದಷ್ಟು ದಿನ ಅಂಥ ಹಾಲನ್ನು ಮಾರದಿರುವುದೇ ದಾರಿ.

ಆರೋಗ್ಯದ ದೃಷ್ಟಿ

ಹಸಿ ಹಾಲಿನಿಂದ ಹರಡುವ ರೋಗಗಳಲ್ಲಿ ಬ್ರುಸೆಲ್ಲೋಸಿಸ್ ಮುಖ್ಯವಾದುದು. ರಾಸುಗಳಲ್ಲಿ ಗರ್ಭಪಾತ ಉಂಟುಮಾಡುವ ಇದನ್ನು ಕಂದು ರೋಗ ಎಂದೂ ಕರೆಯುತ್ತಾರೆ. ಮನುಷ್ಯರಲ್ಲಿ ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಇದರ ಲಕ್ಷಣಗಳು. ರೋಗವಿರುವ ರಾಸುವಿನ ಹಾಲು ನೋಟಕ್ಕೆ, ವಾಸನೆಗೆ ಸಾಮಾನ್ಯ ಹಾಲಿನಂತೆಯೇ ಇರುತ್ತದೆ. ಕಣ್ಣೆದುರು ಕರೆಸಿದರೂ ತಿಳಿಯುವುದಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆ ಹಾಕಲಾಗುತ್ತದೆ. ಗೋವಿನ ಕ್ಷಯ, ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಸೋಂಕುಗಳೂ ಹಸಿ ಹಾಲಿನಿಂದ ಬರಬಹುದು. ಮಕ್ಕಳು, ಗರ್ಭಿಣಿಯರು, ವೃದ್ಧರಿಗೆ ಅಪಾಯ ಹೆಚ್ಚು.

ಪಾಶ್ಚರೀಕರಣದಲ್ಲಿ ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಇಡುತ್ತಾರೆ. ಮನೆಯಲ್ಲಿ ಹಾಲು ಉಕ್ಕುವಂತೆ ಕಾಯಿಸಿದಾಗ ಉಷ್ಣತೆ ಇದಕ್ಕಿಂತ ಮೇಲಿರುವುದರಿಂದ ಈ ರೋಗಾಣುಗಳು ಸಾಯುತ್ತವೆ. ಕಾಯಿಸುವುದರಿಂದ ಕೆಲವು ಜೀವಸತ್ವಗಳು ಸ್ವಲ್ಪ ಕಡಿಮೆಯಾಗುತ್ತವೆ. ಪ್ರೋಟೀನ್ ಮತ್ತು ಸುಣ್ಣದ ಅಂಶದ ಪ್ರಯೋಜನಕ್ಕೆ ಗಣನೀಯ ಕುಂದು ಬರುವುದಿಲ್ಲ.

ಕಾಯಿಸುವ ರೂಢಿ ತಪ್ಪುವ ಸಂದರ್ಭಗಳಲ್ಲಿಯೇ ಅಪಾಯ ಉಳಿದಿದೆ. ಶಕ್ತಿವರ್ಧಕವೆಂದು ನೊರೆಹಾಲು ಕುಡಿಸುವುದು, ಔಷಧಿಯೆಂದು ಮೇಕೆಯ ಹಸಿ ಹಾಲು ಕುಡಿಯುವುದು, ಪಂಚಾಮೃತಕ್ಕೆ ಹಸಿ ಹಾಲು ಬಳಸಿ ತೀರ್ಥವಾಗಿ ಸೇವಿಸುವುದು ಇಂಥವು. ಕಾಯಿಸಿದ ಹಾಲನ್ನು ಹಸಿ ಹಾಲಿದ್ದ ಪಾತ್ರೆಗೆ ತೊಳೆಯದೆ ಸುರಿದರೂ ಮತ್ತೆ ಸೋಂಕು ತಗಲುತ್ತದೆ.

ಕಾನೂನು

ಭಾರತದಲ್ಲಿ ಹಸಿ ಹಾಲಿನ ಮಾರಾಟಕ್ಕೆ ನಿಷೇಧವಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಮಾನಕಗಳ ಕಾಯ್ದೆಯ ಅಡಿಯ ಮಾನಕದಂತೆ ಹಸುವಿನ ಹಾಲಿನಲ್ಲಿ ಕನಿಷ್ಠ ಶೇ. 3.2ರಷ್ಟು ಜಿಡ್ಡು ಮತ್ತು ಶೇ. 8.3ರಷ್ಟು ಜಿಡ್ಡೇತರ ಘನಾಂಶ ಇರಬೇಕು. 2011ರ ಪರವಾನಗಿ ನಿಯಮಾವಳಿಯು ದಿನಕ್ಕೆ 500 ಲೀಟರ್‌ವರೆಗೆ ಹಾಲು ಸಂಗ್ರಹಿಸುವವರನ್ನು ಸಣ್ಣ ಆಹಾರೋದ್ಯಮಿಗಳೆಂದು ಗುರುತಿಸಿ, ನೋಂದಣಿ ಸಾಕೆಂದು ಹೇಳುತ್ತದೆ. ಹಾಲನ್ನೆಲ್ಲ ಸಹಕಾರ ಸಂಘಕ್ಕೇ ಹಾಕುವ ಸದಸ್ಯರಿಗೆ ನೋಂದಣಿಯಿಂದಲೂ ವಿನಾಯಿತಿಯಿದೆ. ಮನೆಗಳಿಗೂ ಮಾರುವವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಇತರ ದೇಶಗಳಲ್ಲಿ

ಹಾಲನ್ನು ಕಾಯಿಸದೆ ಕುಡಿಯುವ ರೂಢಿಯಿರುವ ದೇಶಗಳಲ್ಲಿ ಕಾನೂನು ಹೆಚ್ಚು ಬಿಗಿಯಾಗಿದೆ. ಸ್ಕಾಟ್ಲೆಂಡ್ 1983ರಲ್ಲಿ ಹಸುವಿನ ಹಸಿ ಹಾಲಿನ ಮಾರಾಟವನ್ನು ನಿಷೇಧಿಸಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1987ರಿಂದ ನೇರ ಬಳಕೆಯ ಹಸಿ ಹಾಲನ್ನು ಒಂದು ರಾಜ್ಯದಿಂದ ಮತ್ತೊಂದಕ್ಕೆ ಮಾರುವಂತಿಲ್ಲ; ರಾಜ್ಯದೊಳಗಿನ ಮಾರಾಟಕ್ಕೆ ಆಯಾ ರಾಜ್ಯದ ಕಾನೂನು ಅನ್ವಯಿಸುತ್ತದೆ. ಕೆನಡಾದಲ್ಲಿ ಮಾರಾಟ ನಿಷಿದ್ಧ. ಇಂಗ್ಲೆಂಡಿನಲ್ಲಿ ನೋಂದಾಯಿತ ಸಾಕಣೆದಾರರು ಎಚ್ಚರಿಕೆಯ ಬರಹದೊಂದಿಗೆ ಬಳಕೆದಾರರಿಗೆ ನೇರವಾಗಿ ಮಾರಬಹುದು.