ಸಹಿ ಯಾರದು, ಹೊಲ ಯಾರದು?

ಅಕ್ಕಪಕ್ಕದ ದೇಶಗಳ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸೇರಬೇಕೋ ಬೇಡವೋ ಎಂಬ ಮಾತು ಬಂದಾಗಲೆಲ್ಲ ಪಂಡಿತರು ದೇಶಕ್ಕಿಷ್ಟು ಲಾಭ, ದೇಶಕ್ಕಿಷ್ಟು ನಷ್ಟ ಎಂದು ಲೆಕ್ಕ ಒಪ್ಪಿಸುತ್ತಾರೆ. ನಾವು ಕೇಳುವುದು ಇಷ್ಟೇ: ದೇಶ ಅಂದರೆ ಯಾರು? ಬಂಗಲೆಯವನೋ, ಗುಡಿಸಲವನೋ? ಇದನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೋದ ಚರಿತ್ರೆ ಸಾಕ್ಷಿ.

ಮೆಕ್ಸಿಕೋದ ಬಡವರು ಭೂಮಿಯನ್ನು ಬೇಡಿ ಪಡೆದವರಲ್ಲ. 1910ರಲ್ಲಿ ಶುರುವಾದ ಕ್ರಾಂತಿಯಲ್ಲಿ ಎಮಿಲಿಯಾನೋ ಸಪಾಟನ ಜೊತೆ ಬಂದೂಕು ಹಿಡಿದು ನಿಂತವರು. ಆ ಹೋರಾಟದ ಫಲವಾಗಿ 1917ರ ಸಂವಿಧಾನದಲ್ಲಿ 27ನೇ ವಿಧಿ ಬಂತು. ಜಮೀನ್ದಾರರ ಭೂಮಿ ಹಳ್ಳಿಗೆ ಹಂಚುವ ದಾರಿ ತೆರೆಯಿತು. 1919ರಲ್ಲಿ ಸಪಾಟನನ್ನು ಮೋಸದಿಂದ ಕೊಂದರು, ವಿಧಿ ಉಳಿಯಿತು. 1934ರಿಂದ 1940ರವರೆಗೆ ಅಧ್ಯಕ್ಷರಾಗಿದ್ದ ಲಾಸಾರೋ ಕಾರ್ದೆನಾಸ್ ಸುಮಾರು 1.8 ಕೋಟಿ ಹೆಕ್ಟೇರ್ ಹಂಚಿದರು. ಹೀಗೆ ಹಳ್ಳಿಗೆ ಬಂದ ಭೂಮಿಗೆ ಎಹಿದೋ ಎಂದು ಹೆಸರು. ಉಳಬಹುದು, ಮಕ್ಕಳಿಗೆ ಬಿಡಬಹುದು; ಮಾರುವಂತಿಲ್ಲ. ನಮ್ಮಲ್ಲಿ ದಲಿತರಿಗೆ ಮಂಜೂರಾದ ಜಮೀನು ಉಳ್ಳವರ ಪಾಲಾಗದಿರಲೆಂದು 1978ರಲ್ಲಿ ಪಿಟಿಸಿಎಲ್ ಕಾಯಿದೆ ಮಾಡಬೇಕಾಯಿತಲ್ಲ, ಅದನ್ನು ಬಲ್ಲವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕ, ಕೆನಡಾಗಳ ಜೊತೆ ನಾಫ್ಟಾ ಒಪ್ಪಂದದ ಮಾತುಕತೆ ನಡೆಯುತ್ತಿದ್ದಾಗಲೇ, 1992ರಲ್ಲಿ, ಅಧ್ಯಕ್ಷ ಕಾರ್ಲೋಸ್ ಸಲಿನಾಸರ ಸರ್ಕಾರ 27ನೇ ವಿಧಿಯನ್ನೇ ತಿದ್ದಿತು. ಇನ್ನು ಭೂಮಿ ಹಂಚಿಕೆ ಇಲ್ಲ; ಎಹಿದೋ ಭೂಮಿಯನ್ನು ಮಾರಲೂಬಹುದು. ಒಪ್ಪಂದ ಜಾರಿಗೆ ಬರುವ ಮೊದಲೇ ಬಡವನ ಹೊಲದ ಕಾವಲು ತೆಗೆದಾಗಿತ್ತು.

1994ರ ಜನವರಿ 1ರಂದು ನಾಫ್ಟಾ ಜಾರಿಯಾಯಿತು. ಅದೇ ದಿನ ದಕ್ಷಿಣದ ಚಿಯಾಪಾಸಿನಲ್ಲಿ ಮಾಯಾ ಮೂಲನಿವಾಸಿಗಳು ಸಪಾಟನ ಹೆಸರಿನ ಸೇನೆ ಕಟ್ಟಿಕೊಂಡು ಸಾನ್ ಕ್ರಿಸ್ತೋಬಲ್ ಪಟ್ಟಣವನ್ನು ಹಿಡಿದರು. ಕಳೆದ ಶತಮಾನದ ನಡುವಿನವರೆಗೂ ಆ ಪಟ್ಟಣದ ಫುಟ್‌ಪಾತಿನ ಮೇಲೆ ಈ ಜನ ನಡೆಯುವಂತಿರಲಿಲ್ಲ. ನಮ್ಮ ಕೇರಿಗಳಿಗೆ ಇದು ಹೊಸ ಕಥೆಯೇನಲ್ಲ. 12 ದಿನ ಕದನ ನಡೆದು ನಿಂತಿತು. ಭೂಮಿ ಸಿಗುವ ಕೊನೆಯ ಆಸೆಯನ್ನೂ ಕಿತ್ತುಕೊಂಡರೆ ಜನ ಇನ್ನೇನು ಮಾಡ್ಯಾರು?

ನಮಗೆ ರಾಗಿ ಹೆಂಗೋ ಅವರಿಗೆ ಮುಸುಕಿನ ಜೋಳ ಹಂಗೆ. ಅತ್ತ ಅಮೆರಿಕದ ದೊಡ್ಡ ರೈತ ಸರ್ಕಾರದ ಸಬ್ಸಿಡಿ ಪಡೆದು ಅಗ್ಗಕ್ಕೆ ಮಾರುವವನು. ಒಪ್ಪಂದದಲ್ಲೇ ಇದಕ್ಕೊಂದು ತಡೆ ಇತ್ತು. ಮೊದಲ ವರ್ಷ ಅಮೆರಿಕದಿಂದ 25 ಲಕ್ಷ ಟನ್ ಮೀರಿ ಬಂದ ಜೋಳಕ್ಕೆ ಶೇ. 215 ಸುಂಕ, ಅದು ಹಂತಹಂತವಾಗಿ ಇಳಿದು 2008ಕ್ಕೆ ಸೊನ್ನೆಯಾಗಬೇಕು. ಆದರೆ ಮೆಕ್ಸಿಕೋ ಸರ್ಕಾರ ಮೊದಲ ವರ್ಷಗಳಲ್ಲೇ ಮಿತಿ ಮೀರಿ ಬಂದ ಜೋಳವನ್ನೂ ಆ ಸುಂಕವಿಲ್ಲದೆ ಒಳಗೆ ಬಿಟ್ಟಿತು. ಬೇಲಿಯೇ ಎದ್ದು ಹೊಲ ಮೇಯಿತು. ರೈತರಿಂದ ಜೋಳ ಕೊಳ್ಳುತ್ತಿದ್ದ ಕೊನಾಸುಪೋ ಎಂಬ ಸರ್ಕಾರಿ ಸಂಸ್ಥೆಯನ್ನೂ 1999ರಲ್ಲಿ ಮುಚ್ಚಿದರು. ಹೋಗಲಿ, ತಿನ್ನುವವನಿಗಾದರೂ ರೊಟ್ಟಿ ಅಗ್ಗವಾಗಿ ಉಳಿಯಿತೇ? 2007ರ ಜನವರಿಯಲ್ಲಿ ಜೋಳದ ರೊಟ್ಟಿಯ ಬೆಲೆ ಏರಿತೆಂದು ಸಾವಿರಾರು ಜನ ಮೆಕ್ಸಿಕೋ ನಗರದ ಬೀದಿಗಿಳಿದರು.

ಲಾಭವೇ ಆಗಲಿಲ್ಲ ಅಂದರೆ ಸುಳ್ಳಾದೀತು. ಕಾರಿನ ಕಾರ್ಖಾನೆಗಳು ಬಂದವು. ಟೊಮೆಟೊ, ಬೆಣ್ಣೆಹಣ್ಣು ಗಡಿ ದಾಟಿ ಮಾರಾಟವಾದವು. ಅದು ಬಂಡವಾಳ, ನೀರಾವರಿ ಇದ್ದವರ ಪಾಲು. ಮಳೆ ನಂಬಿದ ದಕ್ಷಿಣದ ರೈತನ ಮಗ ಕೂಲಿಗೆಂದು ತಾನೇ ಗಡಿ ದಾಟಿದ. 2020ರಲ್ಲಿ ನಾಫ್ಟಾದ ಜಾಗಕ್ಕೆ ಬೇರೆ ಒಪ್ಪಂದ ಬಂತು. ಹಳೆಯ 27ನೇ ವಿಧಿ ಮಾತ್ರ ಹಿಂದಕ್ಕೆ ಬರಲಿಲ್ಲ.

ನಮ್ಮ ದೇಶ 2019ರ ನವೆಂಬರ್ 4ರಂದು ಏಷ್ಯಾದ ಆರ್‌ಸಿಇಪಿ ಒಪ್ಪಂದದಿಂದ ಹೊರಗುಳಿಯಿತು. ಹಾಲು ಹಾಕಿ ಬದುಕುವ ರೈತರು ಅದನ್ನು ಗಟ್ಟಿಯಾಗಿ ವಿರೋಧಿಸಿದ್ದರು. ಸಂತೋಷವೇ. ಆದರೆ ಮರುವರ್ಷವೇ ಕರ್ನಾಟಕದ ಭೂ ಸುಧಾರಣಾ ಕಾಯಿದೆಯಿಂದ 79ಎ, 79ಬಿ ಕಲಂಗಳನ್ನು ಕಿತ್ತು, ಉಳುಮೆ ಗೊತ್ತಿಲ್ಲದ ಹಣವಂತನಿಗೂ ಹೊಲ ಕೊಳ್ಳುವ ಬಾಗಿಲು ತೆರೆದರು. ಅದಕ್ಕೆ ಯಾವ ಪರದೇಶದ ಸಹಿಯೂ ಬೇಕಾಗಲಿಲ್ಲ.

ಆದ್ದರಿಂದ ಗೆಳೆಯರೇ, ಸೇರಬೇಕೇ ಎಂದು ಕೇಳುವವರನ್ನು ನಾವು ಮೊದಲು ಕೇಳೋಣ: ದುಡಿಯುವವನ ಕೈಯಲ್ಲಿ ಭೂಮಿ ಭದ್ರವಾಗಿದೆಯೇ? ಒಪ್ಪಂದದ ಕರಡು ಅವನ ಭಾಷೆಯಲ್ಲಿ ಅವನ ಗ್ರಾಮಸಭೆಗೆ ಬಂದಿದೆಯೇ? ಭೂಮಿಯೇ ಇಲ್ಲದ ಕೂಲಿಯವಳ ಮಾತಿಗೆ ಅಲ್ಲಿ ಜಾಗವಿದೆಯೇ? ಇಲ್ಲ ಎಂದಾದರೆ ನಮ್ಮ ಉತ್ತರವೂ ಇಲ್ಲವೇ.