ಮೋಡೆಮ್ ಕಾಲದ ಒಂದು ನೆನಪು

ನಾನು ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ್ದು 1986ರಲ್ಲಿ. ಅದೇ ವರ್ಷ ನಮ್ಮ ರಾಜ್ಯದ ಕಿತ್ತೂರಿನಲ್ಲಿ, ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ ಮೊದಲ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜ್ ಆರಂಭವಾಯಿತು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಆಗ ಕಂಪ್ಯೂಟರಿಗೂ ಫೋನ್ ತಂತಿಗೂ ನಡುವೆ ಇದ್ದ ದುಭಾಷಿಯೇ ಮೋಡೆಮ್. ಅಂಕಿಗಳನ್ನು ಸದ್ದಾಗಿಸಿ ಕಳಿಸುವುದು, ಬಂದ ಸದ್ದನ್ನು ಮತ್ತೆ ಅಂಕಿಯಾಗಿಸುವುದು ಅದರ ಕೆಲಸ. ಇಂದಿನ ಮಕ್ಕಳು ಅದರ ಕಿರುಚು ಸದ್ದನ್ನೂ ಕೇಳಿರಲಾರರು.

ಮೋಡೆಮಿಗೆ ಅಪ್ಪಣೆ ಕೊಡುವ ಭಾಷೆಯನ್ನು 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿ ತಂದಿತು. ಪ್ರತಿ ಅಪ್ಪಣೆಯೂ 'ಎಟಿ' ಎಂದು ಶುರು. ಅಂದರೆ 'ಅಟೆನ್ಷನ್', ನಮ್ಮ ಪಿ.ಟಿ. ಮೇಷ್ಟ್ರ 'ಸಾವಧಾನ್' ಇದ್ದಂತೆ.

1999ರಲ್ಲಿ ಅಪ್ಪ ಹಾಸಿಗೆ ಹಿಡಿದಾಗ ಬೆಂಗಳೂರಿನಿಂದ ಊರಿಗೆ ಬಂದೆ. ವಾರಕ್ಕೊಮ್ಮೆ ಲೆಕ್ಕದ ಫೈಲನ್ನು ಆಫೀಸಿನ ಮೋಡೆಮಿಗೆ ಕಳಿಸಿದರೆ ಮಾತ್ರ ಕೆಲಸ ಉಳಿಯುತ್ತಿತ್ತು.

ಮೊದಲ ಎಡವಟ್ಟು ರಿಜಿಸ್ಟರಿನದು. ಮೋಡೆಮ್ ತನ್ನ ನಿಯಮಗಳನ್ನು 'ಎಸ್' ರಿಜಿಸ್ಟರ್‌ಗಳೆಂಬ ಪುಟ್ಟ ಗೂಡುಗಳಲ್ಲಿ ಅಂಕಿಯಾಗಿ ಇಟ್ಟುಕೊಳ್ಳುತ್ತದೆ. ಎಸ್0ದಲ್ಲಿ 1 ಇದ್ದುದರಿಂದ ಮೊದಲ ಗಂಟೆಗೇ ಮೋಡೆಮ್ ಫೋನ್ ಎತ್ತುತ್ತಿತ್ತು. "ಏನೋ, ನಿಮ್ಮನೆ ಫೋನು ಅಳ್ತಿದೆಯಲ್ಲೋ" ಎಂದು ಅತ್ತೆ ಗಾಬರಿಯಾದರು. ಅದನ್ನು 0 ಮಾಡಿದೆ. ಟ್ರಂಕ್ ಲೈನ್ ನಿಧಾನವಾದ್ದರಿಂದ, ಆಚೆಯ ಮೋಡೆಮಿನ ಉತ್ತರಕ್ಕೆ ಕಾಯುವ ಸೆಕೆಂಡುಗಳ ಎಸ್7ನ್ನು 90ಕ್ಕೆ ಏರಿಸಿದೆ.

ಕರೆ ಸಿಕ್ಕಿತು. ಬರೀ ಅಕ್ಷರಗಳ ಪತ್ರ ಹೋಗುತ್ತಿತ್ತು, ಲೆಕ್ಕದ ಫೈಲು ಮಾತ್ರ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು. ಎಸ್.ಟಿ.ಡಿ. ಬಿಲ್ಲು ಏರುತ್ತಿತ್ತು. ಮೂರನೆಯ ರಾತ್ರಿ ಶಾಲೆಯ ಕೈತೋಟ ನೆನಪಾಯಿತು. ಬಾವಿಯಿಂದ ಸಾಲಾಗಿ ನಿಂತು ಕೊಡ ದಾಟಿಸುತ್ತಿದ್ದೆವು. ಮುಂದಿನವನ ಕೈ ಖಾಲಿಯಾಗದೆ ಕೊಡ ಕೊಟ್ಟರೆ ನೀರೆಲ್ಲ ನೆಲಕ್ಕೆ. ಕಂಪ್ಯೂಟರ್ ಮೋಡೆಮಿಗೆ ಬೇಗ ಕೊಡುತ್ತದೆ, ಫೋನ್ ತಂತಿ ನಿಧಾನ. ಆದ್ದರಿಂದ 'ತಾಳು' ಎನ್ನಲೇಬೇಕು. ಇದೇ ಫ್ಲೋ ಕಂಟ್ರೋಲ್.

ನನ್ನ ಮೋಡೆಮ್ 'ತಾಳು' ಎನ್ನಲು 19ನೇ ಸಂಕೇತವನ್ನೂ 'ಬಿಡು' ಎನ್ನಲು 17ನ್ನೂ ಬಳಸುತ್ತಿತ್ತು. ಪತ್ರದಲ್ಲಿ ಅವು ಬರುವುದಿಲ್ಲ. ಲೆಕ್ಕದ ಫೈಲಿನೊಳಗೇ 19 ಇತ್ತು! ಅದನ್ನೇ ಅಪ್ಪಣೆಯೆಂದು ತಿಳಿದು ಮೋಡೆಮ್ ಸುಮ್ಮನಾಗುತ್ತಿತ್ತು. ಕೈಪಿಡಿ ನೋಡಿ 'ಎಟಿ&ಕೆ3' ಕೊಟ್ಟೆ. ಆಮೇಲೆ 'ತಾಳು' ಎಂಬುದು ಮಾಹಿತಿಯೊಡನೆ ಬೆರೆಯದೆ, ಕೇಬಲ್ಲಿನ ಬೇರೆಯೇ ತಂತಿಗಳಲ್ಲಿ ಹೋಗತೊಡಗಿತು. ಕಂಪ್ಯೂಟರಿನಲ್ಲೂ ಹಾಗೇ ಹೊಂದಿಸಿ, ಕರೆಂಟು ಹೋದರೂ ಮರೆಯದಂತೆ 'ಎಟಿ&ಡಬ್ಲ್ಯೂ' ಎಂದು ಉಳಿಸಿದೆ. ಫೈಲು ಪೂರ್ತಿ ಹೋಯಿತು.

ಅಪ್ಪ ನಾಲ್ಕು ತಿಂಗಳ ನಂತರ ತೀರಿಕೊಂಡರು. ಅಷ್ಟು ದಿನವೂ ನಾನು ಅವರ ಪಕ್ಕದಲ್ಲೇ ಇದ್ದೆ, ಕೆಲಸವೂ ಉಳಿಯಿತು. ಆ ಮೋಡೆಮನ್ನು ಈಗ ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ ಕೊಡುತ್ತಿದ್ದೇನೆ. ಮಕ್ಕಳು ಬಿಚ್ಚಿ ನೋಡಲಿ.