ಗುದ್ದಲಿ, ಮನೆ ಮತ್ತು ಒಂದು ರಾಷ್ಟ್ರ: ಟಾಂಜಾನಿಯಾದ ಏಕತೆಯ ಆಡಳಿತ ಚರಿತ್ರೆ

ವಸಾಹತೋತ್ತರ ಆಫ್ರಿಕಾದ ರಾಷ್ಟ್ರೀಯ ಏಕತೆಯ ಚರ್ಚೆಯಲ್ಲಿ ಟಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆಯವರ ಹೆಸರು ಬಾರದಿರುವುದಿಲ್ಲ. ನೂರಿಪ್ಪತ್ತಕ್ಕೂ ಹೆಚ್ಚು ಬುಡಕಟ್ಟುಗಳಿರುವ ಟಾಂಜಾನಿಯಾ ಒಡೆಯದೆ ಉಳಿದದ್ದರ ಶ್ರೇಯಸ್ಸನ್ನು ಅವರ ವಾಗ್ಮಿತೆಗೂ ಸರಳತೆಗೂ ಸಲ್ಲಿಸುವುದು ವಾಡಿಕೆಯಾಗಿದೆ. ಆ ಏಕತೆಯ ಬಹುಭಾಗ ರೂಪುಗೊಂಡದ್ದು ಚುನಾವಣಾ ನಿಯಮ, ಶಾಲಾ ಪ್ರವೇಶ, ವರ್ಗಾವಣೆ ಆದೇಶಗಳಂಥ ನೀರಸ ಕಡತಗಳಲ್ಲಿ ಎಂಬುದು ಈ ಲೇಖನದ ವಾದ.

ಪರಿಸ್ಥಿತಿಯೂ ಅನುಕೂಲವಾಗಿತ್ತೆಂಬುದನ್ನು ಮೊದಲೇ ಹೇಳಬೇಕು. ಕರಾವಳಿಯ ವ್ಯಾಪಾರಿಗಳು ಸ್ವಾಹಿಲಿಯನ್ನು ಒಳನಾಡಿಗೆ ಒಯ್ದಿದ್ದರು; ಜರ್ಮನ್ ಆಡಳಿತ ಅದನ್ನೇ ಕೆಳಹಂತದ ಕಚೇರಿಗಳಲ್ಲಿ ಬಳಸಿತು. ಅತಿ ದೊಡ್ಡ ಸಮುದಾಯವಾದ ಸುಕುಮಾ ಜನರೂ ಬಹುಸಂಖ್ಯಾತರಲ್ಲ. ನ್ಯೆರೆರೆ ಪುಟ್ಟ ಝನಾಕಿ ಸಮುದಾಯದವರು; ತಮ್ಮವರ ಬಲದಿಂದಲೇ ದೇಶವಾಳುವಷ್ಟು ಮಂದಿ ಅಲ್ಲಿರಲಿಲ್ಲ.

ಇಂದಿನ ಟಾಂಜಾನಿಯಾದ ಮುಖ್ಯಭೂಭಾಗವಾದ ಟಾಂಗನ್ಯೀಕಾ ಸ್ವತಂತ್ರವಾದದ್ದು 1961ರ ಡಿಸೆಂಬರ್ 9ರಂದು. ಅದಕ್ಕೆ ಕೆಲವೇ ವಾರ ಮೊದಲು, ಪೌರತ್ವ ಕರಿಯರಿಗೆ ಮಾತ್ರ ಸಿಗಲಿ ಎಂದು ಸ್ವಪಕ್ಷದವರೇ ಶಾಸನಸಭೆಯಲ್ಲಿ ಪಟ್ಟುಹಿಡಿದಾಗ, ಸರ್ಕಾರವೇ ರಾಜೀನಾಮೆ ಕೊಡುತ್ತದೆಂದು ನ್ಯೆರೆರೆ ಎಚ್ಚರಿಸಿದರು. 1963ರಲ್ಲಿ ಬುಡಕಟ್ಟು ಮುಖ್ಯಸ್ಥರ ಆಡಳಿತಾಧಿಕಾರವನ್ನು ತೆಗೆದುಹಾಕಲಾಯಿತು. ನ್ಯೆರೆರೆಯವರ ತಂದೆಯೇ ಅಂಥ ಮುಖ್ಯಸ್ಥರಾಗಿದ್ದವರು.

1965ರ ಚುನಾವಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನ್ಯೆರೆರೆಯವರ ಟಾನು ಏಕೈಕ ಪಕ್ಷವಾಗಿತ್ತು, ಆದರೆ ಸಾಮಾನ್ಯವಾಗಿ ಪ್ರತಿ ಕ್ಷೇತ್ರದಲ್ಲೂ ಅದರ ಇಬ್ಬರು ಅಭ್ಯರ್ಥಿಗಳು ಪರಸ್ಪರ ಸ್ಪರ್ಧಿಸಿದರು. ಮತಪತ್ರದಲ್ಲಿ ಒಬ್ಬರಿಗೆ ಗುದ್ದಲಿ, ಇನ್ನೊಬ್ಬರಿಗೆ ಮನೆಯ ಚಿಹ್ನೆ. ಜನಾಂಗ, ಬುಡಕಟ್ಟು, ಧರ್ಮದ ಹೆಸರಿನಲ್ಲಿ ಮತ ಕೇಳುವಂತಿರಲಿಲ್ಲ. ಭಾಷಣ ಸ್ವಾಹಿಲಿಯಲ್ಲೇ ಆಗಬೇಕಿತ್ತು. ಪರಿಣಾಮವೇನು? ಹಣಕಾಸು ಸಚಿವ ಪಾಲ್ ಬೊಮಾನಿ ಸೋತರು. ಮೊರೊಗೊರೊದಲ್ಲಿ ಭಾರತೀಯ ಮೂಲದ ಅಮೀರ್ ಜಮಾಲ್ ಆಫ್ರಿಕನ್ ಎದುರಾಳಿಯನ್ನು ಸೋಲಿಸಿ ಮುಂದೆ ಅದೇ ಖಾತೆ ವಹಿಸಿಕೊಂಡರು. ಏಕಪಕ್ಷ ವ್ಯವಸ್ಥೆಯ ಬಗ್ಗೆ ನನಗೆ ಮೆಚ್ಚುಗೆಯಿಲ್ಲ. ಆದರೂ ಮತದಾರರಿಗೆ ಸಚಿವರನ್ನು ಮನೆಗೆ ಕಳಿಸುವ ಅವಕಾಶವಿತ್ತೆಂಬುದನ್ನು ಮರೆಮಾಚುವಂತಿಲ್ಲ.

ಸಮಾಜವಾದವನ್ನು ಸಾರಿದ 1967ರ ಅರುಷಾ ಘೋಷಣೆಯ ಜೊತೆಗೇ ಸ್ವಾಹಿಲಿ ಪ್ರಾಥಮಿಕ ಶಿಕ್ಷಣದ ಮಾಧ್ಯಮವಾಯಿತು. ಪ್ರೌಢಶಾಲಾ ವಿದ್ಯಾರ್ಥಿಗಳನ್ನು ದೂರದ ಪ್ರಾಂತ್ಯಗಳ ವಸತಿ ಶಾಲೆಗಳಿಗೆ, ನೌಕರರನ್ನು ತವರು ಜಿಲ್ಲೆಯ ಹೊರಗೆ ಕಳಿಸುವುದು ರೂಢಿಯಾಯಿತು. ಬುಡಕಟ್ಟನ್ನು ಕೇಳುವ ಪ್ರಶ್ನೆ 1967ರ ನಂತರದ ಜನಗಣತಿಗಳಲ್ಲಿ ಇಲ್ಲ. ಇಂಥ ನೀತಿಗಳ ಫಲವನ್ನು ಅರಿಯಲು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಮಿಗೆಲ್ 2004ರಲ್ಲಿ ಕೀನ್ಯಾದ ಬುಸಿಯಾ, ಟಾಂಜಾನಿಯಾದ ಮೆಯಾಟು ಜಿಲ್ಲೆಗಳನ್ನು ಹೋಲಿಸಿದರು. ಬುಸಿಯಾದಲ್ಲಿ ಹಲವು ಬುಡಕಟ್ಟುಗಳಿರುವ ಊರುಗಳ ಶಾಲೆಗಳಿಗೆ ಸ್ಥಳೀಯ ವಂತಿಗೆ ಕಡಿಮೆಯಾಗಿತ್ತು. ಮೆಯಾಟುವಿನಲ್ಲಿ ಅಂಥ ಕೊರತೆ ಕಾಣಲಿಲ್ಲ.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1962ರ ಮುಂಜಾಗ್ರತಾ ಬಂಧನ ಕಾಯ್ದೆ ವಿರೋಧಿಗಳ ಬಾಯಿ ಮುಚ್ಚಿಸಿತು. 1973ರಿಂದ 76ರವರೆಗೆ ಲಕ್ಷಾಂತರ ರೈತರನ್ನು ಹೊಸ ಹಳ್ಳಿಗಳಿಗೆ ಬಲವಂತವಾಗಿ ಸಾಗಿಸಲಾಯಿತು. ಹಿಂದಿರುಗದಿರಲೆಂದು ಕೆಲವೆಡೆ ಗುಡಿಸಲುಗಳಿಗೆ ಬೆಂಕಿ ಇಟ್ಟದ್ದೂ ಉಂಟು. ಎಲ್ಲರನ್ನೂ ಒಂದೇ ನಿಯಮಕ್ಕೆ ಒಳಪಡಿಸುವ ಶಕ್ತಿಯೇ ಏಕತೆಯನ್ನೂ ಈ ಬಲಾತ್ಕಾರವನ್ನೂ ಸಾಧ್ಯವಾಗಿಸಿತು.

ಜಾಂಜಿಬಾರ್ ದ್ವೀಪಗಳು ಮಾತ್ರ ಈ ಆಡಳಿತ ಯಂತ್ರದೊಳಗೆ ಪೂರ್ತಿ ಬರಲಿಲ್ಲ. ಅಲ್ಲಿನ 1964ರ ಜನವರಿಯ ಕ್ರಾಂತಿಯ ಬೆನ್ನಿಗೇ, ಏಪ್ರಿಲ್ 26ರಂದು, ನ್ಯೆರೆರೆ ಮತ್ತು ಜಾಂಜಿಬಾರ್ ಅಧ್ಯಕ್ಷ ಅಬೈದ್ ಕರುಮೆ ಕೂಡಿ ಟಾಂಗನ್ಯೀಕಾ-ಜಾಂಜಿಬಾರ್ ಒಕ್ಕೂಟ ರಚಿಸಿದರು. ದ್ವೀಪಗಳ ಜನರ ಮತ ಕೇಳಲಿಲ್ಲ. ಅಲ್ಲಿನ ಸರ್ಕಾರ, ಅಧ್ಯಕ್ಷ ಪ್ರತ್ಯೇಕವಾಗಿಯೇ ಉಳಿದರು. ಮೂಲ ಒಪ್ಪಂದದಲ್ಲಿ ಹನ್ನೊಂದಿದ್ದ, ಒಕ್ಕೂಟ ಸರ್ಕಾರದ ಕೈಗೆ ಸೇರಿದ ವಿಷಯಗಳ ಪಟ್ಟಿ ಕ್ರಮೇಣ ಇಪ್ಪತ್ತೆರಡಕ್ಕೇರಿತು. 2001ರ ಜನವರಿಯಲ್ಲಿ ಚುನಾವಣಾ ಅಕ್ರಮದ ವಿರುದ್ಧ ಮೆರವಣಿಗೆ ಹೊರಟವರ ಮೇಲೆ ಜಾಂಜಿಬಾರ್‌ನ ಪೆಂಬಾ ದ್ವೀಪದಲ್ಲಿ ಪೊಲೀಸರು ಗುಂಡು ಹಾರಿಸಿದರು. ನ್ಯೆರೆರೆ ಬಿಟ್ಟುಹೋದ ಪ್ರಶ್ನೆಗಳಲ್ಲಿ ಒಕ್ಕೂಟದ ಸ್ವರೂಪದ್ದು ಇಂದಿಗೂ ಇತ್ಯರ್ಥವಾಗಿಲ್ಲ.